ಕಣ್ಣ ಕಾಣಂಗಿಲ್ಲೇನ?

ಬರೀಬೇಕು ಬರೀಬೇಕು ಅಂದ್ಕೊಂಡೇ ವರ್ಷದ ಮೇಲಾಯ್ತು. ಡ್ರಾಫ್ಟಿನಲ್ಲಿ ನಾಲ್ಕು ಸಾಲು ಬರೆದು ಬಿಟ್ಟಿದ್ದೆ. ಕಳೆದ ವಾರ ಊರಿಂದ ಬಂದ ಮೇಲೆ ಇನ್ನು ಮುಂದೂಡೋದು ಬೇಡ ಅನ್ನಿಸಿ ಕೂತಿದ್ದೀನಿ. ಸ್ವಲ್ಪ ಉದ್ದ ಆಗತ್ತೆ, ಸಹಿಸಿಕೊಳ್ಳಿ :)

ನಮ್ಮ ಕಡೆ, ಅಂದ್ರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ, ಯಾರಿಗಾದರೂ ಡಿಕ್ಕಿ ಹೊಡೆದರೆ ಬರುವ ಮೊದಲ ಮಾತು ಒಂದೇ. "ಏ, ಕಣ್ಣ ಕಾಣಂಗಿಲ್ಲೇನ?" ಅದು ಪ್ರಶ್ನೆ ಅಲ್ಲ, ಬೈಗುಳ. ಉತ್ತರ ಯಾರಿಗೂ ಬೇಕಾಗಿರಲ್ಲ. "ತಪ್ಪಾತ್ರಿ" ಅಂದು ಮುಂದೆ ಹೋಗಬೇಕು. ನನ್ನ ಮಟ್ಟಿಗೆ ಅದಕ್ಕೆ ನಿಜವಾದ ಉತ್ತರ "ಹೌದ್ರಿ, ಕಾಣಂಗಿಲ್ಲ" ಅಂತ. ವರ್ಷಗಟ್ಟಲೆ ಒಂದು ಸಲವೂ ಹಾಗೆ ಹೇಳಿರಲಿಲ್ಲ.

2024ರ ಜನವರಿ. ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗೋದಿತ್ತು, ಅವ್ವ ಬಾ ಅಂದಿದ್ದಳು. ಧಾರವಾಡದಲ್ಲಿ ಹತ್ತಿದ ಬಸ್ಸು ಬೈಲಹೊಂಗಲ ಮುಟ್ಟಿದಾಗ ಹೊತ್ತು ಮುಳುಗಿತ್ತು. ಇಳಿದು ನಮ್ಮೂರ ಬಸ್ಸು ನಿಲ್ಲುವ ಕಡೆ ನಡೀತಿದ್ದೆ. ಕಾಲಿಗೆ ಏನೋ ತಾಗಿತು. ಪ್ಯಾರಲ ಹಣ್ಣಿನ ಬುಟ್ಟಿ! ಬುಟ್ಟಿ ಮಗುಚಿ ಹಣ್ಣೆಲ್ಲ ದಿಕ್ಕಾಪಾಲು.

"ಏ ಯಪ್ಪಾ, ಕಣ್ಣ ಕಾಣಂಗಿಲ್ಲೇನ? ಸಂಜೀಮುಂದ ಕುಡದ ಬಂದಿಯೇನ?"

ಆರಿಸಿ ಕೊಡೋಣ ಅಂತ ಕುಕ್ಕರಗಾಲಲ್ಲಿ ಕೂತೆ. ಕೈಯಲ್ಲಿ ನೆಲ ತಡವಿದ್ದೇ ಬಂತು, ಕಾಲ ಬುಡದಲ್ಲೇ ಇದ್ದ ಹಣ್ಣೂ ಸಿಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹುಡುಗರು "ಫುಲ್ ಟೈಟ್ ಆಗ್ಯಾನಲೇ" ಅಂತ ನಕ್ಕರು. ಆ ಅಜ್ಜಿ ಕೈಗೆ ನೂರು ರೂಪಾಯಿ ಇಟ್ಟು ಎದ್ದು ಬಂದೆ. ಬೆನ್ನ ಮೇಲಿನ ಬ್ಯಾಗಿನಲ್ಲಿ, ಲ್ಯಾಪ್‌ಟಾಪಿನ ಕೆಳಗೆ, ನಾಲ್ಕು ಮಡಿಕೆಯ ಬಿಳಿ ಕೋಲು ಇತ್ತು. ಎಂಟು ತಿಂಗಳಿಂದ ಅಲ್ಲೇ ಇತ್ತು.

ಕುಡುಕ ಅನ್ನಿಸಿಕೊಂಡರೂ ಆಯ್ತು, ಕುರುಡ ಅನ್ನಿಸಿಕೊಳ್ಳೋದು ಬೇಡ... ಇದು ನನ್ನ ಆವತ್ತಿನ ಲೆಕ್ಕ.

ನನಗಿರೋದು ರೆಟಿನೈಟಿಸ್ ಪಿಗ್ಮೆಂಟೋಸಾ. ಕಣ್ಣಿನ ಹಿಂದಿನ ಪರದೆಯಲ್ಲಿ ಎರಡು ಥರದ ಕೋಶ ಇರತ್ತೆ. ಮಬ್ಬು ಬೆಳಕಲ್ಲಿ ಕೆಲಸ ಮಾಡುವ, ಅಂಚಿನ ನೋಟ ಕೊಡುವ ರಾಡ್‌ಗಳು, ಮತ್ತೆ ಬಣ್ಣ, ಅಕ್ಷರ ಎಲ್ಲ ಸ್ಪಷ್ಟವಾಗಿ ತೋರಿಸುವ ಕೋನ್‌ಗಳು. ಈ ಕಾಯಿಲೆಯಲ್ಲಿ ಮೊದಲು ಹೋಗೋದು ರಾಡ್‌ಗಳು. ಅದಕ್ಕೇ ಶುರುವಾಗೋದು ಇರುಳುಗುರುಡಿನಿಂದ. ಅವ್ವ ಚಿಕ್ಕಂದಿನಲ್ಲಿ ನನಗೆ ತಿನ್ನಿಸಿದ ಗಜ್ಜರಿ, ನುಗ್ಗಿ ತಪ್ಪಲ ಲೆಕ್ಕ ಇಲ್ಲ. ಎ ಜೀವಸತ್ವ ಕಡಿಮೆಯಾಗಿ ಬರುವ ಇರುಳುಗುರುಡಿಗೆ ಅದು ಸರಿ. ನನ್ನದು ಬೇರೆ ಅಂತ ಆಗ ಯಾರಿಗೆ ಗೊತ್ತಿತ್ತು?

ಆಮೇಲೆ ನೋಟ ಅಂಚಿನಿಂದ ಒಳಗೆ ಒಳಗೆ ಕುಗ್ಗುತ್ತಾ ಬರತ್ತೆ. ಎರಡು ಹಾಳೆ ಸುರುಳಿ ಸುತ್ತಿ ಎರಡೂ ಕಣ್ಣಿಗೆ ಹಿಡಿದು ಮನೆ ತುಂಬ ನಡೆದು ನೋಡಿ, ನನ್ನ ಲೋಕ ಅದು. ಸಾಮಾನ್ಯವಾಗಿ ಎರಡು ಕಣ್ಣು ಸೇರಿ ಸುಮಾರು 180 ಡಿಗ್ರಿ ನೋಡತ್ತೆ. ನನಗಿರೋದು 15ರ ಹತ್ತಿರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ನೋಟ 40 ಡಿಗ್ರಿಗಿಂತ ಕಡಿಮೆ ಇದ್ದು 10ರ ವರೆಗೆ ಇದ್ದರೆ ಅದು ಅಲ್ಪದೃಷ್ಟಿ, 10ಕ್ಕಿಂತಲೂ ಕಡಿಮೆ ಆದರೆ ಅಂಧತ್ವ. ಆದರೆ ಆ ನಡುವಿನ 15 ಡಿಗ್ರಿ ಇದೆಯಲ್ಲ, ಅದು ನೆಟ್ಟಗಿದೆ. ಕೋಡ್ ಬರೀತೀನಿ, ಮೊಬೈಲ್ ಓದ್ತೀನಿ, ಬಸ್ಸಿನ ಬೋರ್ಡು ಓದ್ತೀನಿ. ಆ ಬೋರ್ಡು ಓದ್ತಾ ಓದ್ತಾನೇ ಕಾಲಡಿಯ ಬುಟ್ಟಿ ಒದೀತೀನಿ!

ತೊಂದರೆ ಇರೋದೇ ಇಲ್ಲಿ. ಪೂರ್ತಿ ಕಾಣದವರನ್ನ ಜನ ಗುರುತಿಸ್ತಾರೆ. ಅರ್ಧ ಕಾಣುವವನು ನೋಡೋಕೆ ಎಲ್ಲರ ಹಾಗೇ ಇರ್ತಾನೆ. ಆಫೀಸಲ್ಲಿ ಯಾರೋ ಕೈಕುಲುಕೋಕೆ ಕೈ ಚಾಚಿರ್ತಾರೆ, ನನಗೆ ಅವರ ಮುಖ ಕಾಣತ್ತೆ, ಕೈ ಕಾಣಲ್ಲ. "ಭಾಳ ಸೊಕ್ಕು" ಅಂತ ಹೆಸರು ಬಂತು. ಊರಲ್ಲಿ ಕುಡುಕ, ಬೆಂಗಳೂರಲ್ಲಿ ಸೊಕ್ಕಿನವ. ಕಾರ್ಡು ಇದೆ, ಪರ್ಸಿನೊಳಗೆ. ಪರ್ಸಿನೊಳಗಿನ ಕಾರ್ಡು ಎದುರಿಗೆ ಬರುವವನಿಗೆ ಏನು ಹೇಳತ್ತೆ?

ಮೈಮೇಲೆ ಏನಾದರೂ ಧರಿಸಿ ಎದುರಿನವರಿಗೆ ತಿಳಿಸೋಕೆ ಆಗತ್ತಾ ಅಂತ ಒಂದು ಶನಿವಾರ ಪೂರ್ತಿ ಕೂತು ಹುಡುಕಿದೆ. ಜಗತ್ತು ಈ ವಿಷಯದಲ್ಲಿ ಏನೇನೋ ಮಾಡಿದೆ ಮಾರಾಯ್ರೆ.

ಎಲ್ಲಕ್ಕಿಂತ ಹಳೆಯ ಪರಿಚಯ ಬಿಳಿ ಕೋಲಿನದು. 1921ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಜೇಮ್ಸ್ ಬಿಗ್ಸ್ ಅನ್ನೋ ಫೋಟೋಗ್ರಾಫರ್, ಅಪಘಾತದಲ್ಲಿ ಕಣ್ಣು ಕಳ್ಕೊಂಡ ಮೇಲೆ, ರಸ್ತೆಯ ಗಾಡಿಗಳಿಗೆ ತಾನು ಕಾಣಲಿ ಅಂತ ತನ್ನ ಕೋಲಿಗೆ ಬಿಳಿ ಬಣ್ಣ ಬಳಿದ. 1930ರಲ್ಲಿ ಅಮೆರಿಕದ ಪಿಯೋರಿಯಾ ಊರಿನ ಲಯನ್ಸ್ ಕ್ಲಬ್ಬಿನವರು ಇದನ್ನೇ ಶುರು ಮಾಡಿದರು. ಕಪ್ಪು ಕೋಲು ಕಪ್ಪು ರಸ್ತೆಯಲ್ಲಿ ಡ್ರೈವರಿಗೆ ಕಾಣಲ್ಲ ಅಂತ. 1931ರಲ್ಲಿ ಪ್ಯಾರಿಸ್ಸಿನಲ್ಲಿ ಗಿಲ್ಲಿ ದೆರ್ಬೆಮೋಂ ಎಂಬಾಕೆ ಬಿಳಿ ಕೋಲು ಹಂಚಿದಳು. 1964ರಿಂದ ಅಮೆರಿಕದಲ್ಲಿ ಅಕ್ಟೋಬರ್ 15 ಬಿಳಿ ಕೋಲಿನ ದಿನ, ಈಗ ನಮ್ಮಲ್ಲೂ ಆಚರಿಸ್ತಾರೆ. ನನಗೆ ಹೊಸದಾಗಿ ಹೊಳೆದಿದ್ದು ಏನಂದ್ರೆ, ಆ ಬಿಳಿ ಬಣ್ಣ ಕೋಲು ಹಿಡಿದವನಿಗೋಸ್ಕರ ಅಲ್ಲ, ನೋಡುವವನಿಗೋಸ್ಕರ. ದಾರಿ ತಡವೋಕೆ ಯಾವ ಬಣ್ಣದ ಕೋಲಾದರೂ ನಡೆಯತ್ತೆ.

ಇಂಗ್ಲೆಂಡಿನಲ್ಲಿ ದಾರಿ ತಡವೋಕಲ್ಲ, ಬರೀ ತಿಳಿಸೋಕೆ ಅಂತಲೇ ಗಿಡ್ಡ ಬಿಳಿ ಕೋಲು ಇದೆ, ಹೆಸರೇ 'ಸಿಂಬಲ್ ಕೇನ್'. ಕೆಂಪು ಪಟ್ಟಿ ಇದ್ದರೆ ಕಿವಿಯೂ ಕೇಳಲ್ಲ ಅಂತ ಅರ್ಥ. ಅರ್ಜೆಂಟೀನಾದಲ್ಲಿ 1996ರಲ್ಲಿ ಪೆರ್ಲಾ ಮಾಯೋ ಎಂಬ ಶಿಕ್ಷಕಿ ಅರ್ಧ ಕಾಣುವವರಿಗೆ ಅಂತ ಹಸಿರು ಕೋಲು ತಂದಳು. ಇದನ್ನ ಓದಿ ಕಣ್ಣು ಒದ್ದೆಯಾಯ್ತು. ನನ್ನಂಥವರಿಗೂ ಒಂದು ಬಣ್ಣ ಇದೆ!

ಜರ್ಮನಿಯಲ್ಲಿ ಹಳದಿ ತೋಳುಪಟ್ಟಿ, ಮೇಲೆ ಮೂರು ಕಪ್ಪು ಚುಕ್ಕಿ. ಟೋಕಿಯೋ ಸರ್ಕಾರ 2012ರಲ್ಲಿ 'ಹೆಲ್ಪ್ ಮಾರ್ಕ್' ಅಂತ ತಂದಿತು, ಕೆಂಪು ಬಿಲ್ಲೆ ಮೇಲೆ ಬಿಳಿ ಕೂಡಿಸುವ ಗುರುತು ಮತ್ತೆ ಹೃದಯ, ಬ್ಯಾಗಿಗೆ ತೂಗು ಹಾಕೋದು. ಲಂಡನ್ನಿನ ಗ್ಯಾಟ್‌ವಿಕ್ ವಿಮಾನ ನಿಲ್ದಾಣದಲ್ಲಿ 2016ರಲ್ಲಿ ಶುರುವಾದ ಸೂರ್ಯಕಾಂತಿ ಪಟ್ಟಿ, ಹಸಿರು ಮೇಲೆ ಹಳದಿ ಹೂವು, ಹೊರಗೆ ಕಾಣದ ತೊಂದರೆ ಇರುವವರಿಗೆ. ಈಗ ಬೆಂಗಳೂರು ವಿಮಾನ ನಿಲ್ದಾಣಕ್ಕೂ ಬಂದಿದೆ.

ಸೂರ್ಯಕಾಂತಿ ಪಟ್ಟಿ ಆಫೀಸಿಗೆ ಹಾಕ್ಕೊಂಡು ಹೋದೆ. ಅಲ್ಲಿ ಎಲ್ಲರ ಕೊರಳಲ್ಲೂ ಒಂದೊಂದು ಪಟ್ಟಿ. ಲಿಫ್ಟಿನಲ್ಲಿ ಒಬ್ಬ ಕೇಳಿದ, "ಚೆನ್ನಾಗಿದೆ ಮಗಾ, ಯಾವ ಕಾನ್ಫರೆನ್ಸ್‌ದು?" :(

ಮೂರು ಚುಕ್ಕಿಯ ತೋಳುಪಟ್ಟಿ ಹಾಕಿ ಬೈಲಹೊಂಗಲದ ಪ್ಯಾಟಿಯಲ್ಲಿ ನಡೆದರೆ ಯಾವ ಸಂಘದವನಪ್ಪಾ ಇವ ಅಂತಾರೆ. ಕೆಂಪು ಬಿಲ್ಲೆ ಹಾಕಿದರೆ ಔಷಧದ ಅಂಗಡಿಯವ ಅಂತಾರೆ. ಹಸಿರು ಕೋಲಿಗೆ ಹಸಿರು ಶಾಲೂ ಸೇರಿಸಿದರೆ ರೈತ ಸಂಘ, ಮುಗೀತು. ಗುರುತು ಎಷ್ಟೇ ಚೆಂದ ಇರಲಿ, ಓದೋಕೆ ಬರುವವರು ಇಲ್ಲದಿದ್ದರೆ ಅದು ಬರೀ ಬಟ್ಟೆ.

ಹಾಗಂತ ನಮ್ಮೂರವರಿಗೆ ಗುರುತು ಓದೋಕೆ ಬರಲ್ವಾ? ಚೆನ್ನಾಗಿ ಬರತ್ತೆ. ರಾಮದುರ್ಗದ ನಮ್ಮ ಆಯಿಗೆ ಉಚಿತ ಕ್ಯಾಂಪಿನಲ್ಲಿ ಕಣ್ಣಿನ ಪೊರೆ ತೆಗೆದಾಗ ಒಂದು ಕಪ್ಪು ಕನ್ನಡಕ ಕೊಟ್ಟಿದ್ದರು, ಬದಿಗೂ ಮುಚ್ಚಿರೋದು. ನೀವೂ ನೋಡಿರ್ತೀರಿ. ಅಂಧತ್ವ ನಿಯಂತ್ರಣ ಕಾರ್ಯಕ್ರಮ ದೇಶದಲ್ಲಿ ಶುರುವಾಗಿದ್ದು 1976ರಲ್ಲಿ. ಅಲ್ಲಿಂದೀಚೆ ಆ ಕನ್ನಡಕ ನೋಡದ ಹಳ್ಳಿ ಇರಲಿಕ್ಕಿಲ್ಲ. ಆಯಿ ಅದನ್ನ ಹಾಕ್ಕೊಂಡು ಬಸ್ ಹತ್ತಿದರೆ ಸಾಕು, "ಆಪರೇಶನ್ ಆಗೇತೇನಬೇ, ಬಾ ಇಲ್ಲೆ ಕುಂಡ್ರು" ಅಂತ ಸೀಟು ಬಿಟ್ಟುಕೊಡ್ತಿದ್ದರು. ಒಂದು ತಿಂಗಳಿಗೆ ತೆಗೀಬೇಕಾಗಿದ್ದ ಕನ್ನಡಕ ಆಕೆ ಎರಡು ವರ್ಷ ಹಾಕಿದಳು :) ಯಾರೂ ಆಕೆಗೆ "ಕಣ್ಣ ಕಾಣಂಗಿಲ್ಲೇನ" ಅನ್ನಲಿಲ್ಲ.

ಅದೇ ಊರಲ್ಲಿ ಪೂರ್ತಿ ಕಾಣದವರ ಚಿತ್ರ ಅಂದ್ರೆ ಗದಗಿನ ಅಜ್ಜಾರು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು. ಅವರ ಫೋಟೋ ನಮ್ಮ ದೇವರ ಜಗುಲಿ ಮೇಲೂ ಇದೆ. 2010ರಲ್ಲಿ ಪುಟ್ಟರಾಜ ಅಜ್ಜಾರು ಹೋದಾಗ ಮನೆಯಲ್ಲಿ ಎಲ್ಲರೂ ಅತ್ತಿದ್ದರು. ನನ್ನ ವಿಷಯ ಗೊತ್ತಾದಾಗ ನಮ್ಮ ದೊಡ್ಡಪ್ಪ ಪ್ರೀತಿಯಿಂದಲೇ ಅಂದ, "ಇವನನ್ನ ಗದಗಿಗೆ ಬಿಟ್ಟಬರೂನು, ಸಂಗೀತರ ಕಲೀಲಿ." ಆಗ ನಾನು ಜಾವಾದಲ್ಲಿ ಪ್ರಾಜೆಕ್ಟ್ ಮಾಡ್ತಿದ್ದೆ, ಇಂಜಿನಿಯರಿಂಗ್ ಏಳನೇ ಸೆಮಿಸ್ಟರ್! ಕುರುಡು ಅಂದ್ರೆ ಒಂದೋ ದೈವ, ಇಲ್ಲಾ ಭಿಕ್ಷೆ. ಎರಡರ ನಡುವೆ ಲ್ಯಾಪ್‌ಟಾಪ್ ಹಿಡಿದವನಿಗೆ ಜಾಗ ಇಲ್ಲ.

ಆ ಜನವರಿಯಲ್ಲಿ, ಬುಟ್ಟಿ ಒದ್ದ ಮರುದಿನ, ಸವದತ್ತಿಯ ಗುಡ್ಡಕ್ಕೆ ಹೋದ್ವಿ. ಚಕ್ಕಡಿ, ಟ್ರ್ಯಾಕ್ಟರು, ಉಧೋ ಉಧೋ ಕೂಗು, ಗಾಳಿಯಲ್ಲೆಲ್ಲ ಭಂಡಾರ. ತಂಗಿಯ ಹೆಗಲ ಮೇಲೆ ಕೈ ಇಟ್ಟು ನಡೆದೆ. ಪಡ್ಡಲಗಿ ತುಂಬಿಸಿ, ಹೊಳಿಗಿ ಉಂಡು ಕೂತಾಗ ಬ್ಯಾಗಿನಿಂದ ಕೋಲು ತೆಗೆದೆ. "ಅವ್ವಾ, ಇನ್ನ ಮ್ಯಾಲೆ ಇದನ್ನ ಹಿಡಕೊಂಡ ತಿರಗ್ತೇನಿ" ಅಂದೆ.

ಅವ್ವ ಸುತ್ತ ನೋಡಿ ಸೆರಗಿನೊಳಗೆ ಮುಚ್ಚಿದಳು. "ಇಲ್ಲೆ ಬ್ಯಾಡಪಾ. ನಮ್ಮ ಮಂದಿ ಎಲ್ಲಾ ಅದಾರ. ನಿನ್ನ ತಂಗಿ ಮದುವಿ ಆಗಬೇಕ."

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮವ್ವ ನಮ್ಮಪ್ಪನ ಅಕ್ಕನ ಮಗಳು. ರಾಮದುರ್ಗದ ಆಯಿ ನನಗೆ ಆಯಿನೂ ಹೌದು, ಅತ್ತಿನೂ ಹೌದು. ನಮ್ಮ ಕಡೆ ಇದು ಸಾಮಾನ್ಯ, ಹೊಲಾ ಮನಿ ಒಳಗೇ ಉಳೀತಾವ ಅಂತ. ನನ್ನ ಕಾಯಿಲೆಯಲ್ಲಿ ಹಲವು ಬಗೆ ಇವೆ. ನನ್ನ ಬಗೆಯಲ್ಲಿ ತಂದೆ ತಾಯಿ ಇಬ್ಬರೂ ತಪ್ಪು ಜೀನಿನ ಒಂದೊಂದು ಪ್ರತಿ ಹೊತ್ತಿರ್ತಾರೆ, ಅವರಿಗೆ ಏನೂ ಆಗಿರಲ್ಲ. ಎರಡೂ ಪ್ರತಿ ಬಂದ ಮಗುವಿಗೆ ಮಾತ್ರ ಕಾಯಿಲೆ, ಪ್ರತಿ ಸಲವೂ ನಾಲ್ಕರಲ್ಲಿ ಒಂದು ಸಾಧ್ಯತೆ. ಸೋದರಿಕೆಯಲ್ಲಿ ಇಬ್ಬರಲ್ಲೂ ಅದೇ ಪ್ರತಿ ಇರುವ ಸಂಭವ ಜಾಸ್ತಿ. ಹುಬ್ಬಳ್ಳಿಯ ಡಾಕ್ಟರು ಬಹಳ ಮೆತ್ತಗೆ ಹೇಳಿದ್ದರು. ಆದರೂ ವಾಪಸ್ ಬರುವಾಗ ಅವ್ವ ಬಸ್ಸಿನ ಕಿಟಕಿ ಕಡೆ ಮುಖ ಮಾಡಿ ಕೂತವಳು ಊರು ಬರುವ ತನಕ ಒಂದು ಮಾತಾಡಿರಲಿಲ್ಲ.

ಅವ್ವನ ಯೋಜನೆ ಏನಂದ್ರೆ, ತಂಗಿಯನ್ನ ರಾಮದುರ್ಗದ ಮಾವನ ಮಗನಿಗೆ ಕೊಡೋದು. "ಅವರಿಗೆ ಎಲ್ಲಾ ಗೊತ್ತೈತಿ, ಮುಚ್ಚಿಡೂದು ಬ್ಯಾಡ. ಹೊರಗಿನವರ ಕೋಲ ನೋಡಿದ್ರ ಅಂಗಳಾನೂ ತುಳಿಯಂಗಿಲ್ಲ." ನೋಡಿ ಲೆಕ್ಕ ಹೇಗೆ ಸುತ್ತಿಕೊಳ್ಳತ್ತೆ! ನನ್ನ ಕಣ್ಣು ಮುಚ್ಚಿಡೋಕೆ ಒಳಗಿನ ಸಂಬಂಧ, ಒಳಗಿನ ಸಂಬಂಧದಿಂದ ಮತ್ತೆ ಅದೇ ಕಣ್ಣು.

ನನಗೆ ಆಗ ಸಿಟ್ಟು ಬಂತು. ಆದರೆ ಎದುರಿಗೇ ಒಬ್ಬ ಮುದುಕಿ ಕೂತಿದ್ದಳು, ಕೊರಳಲ್ಲಿ ಕೆಂಪು ಬಿಳಿ ಮಣಿಯ ಮುತ್ತು. ದೇವಿಗೆ ಬಿಟ್ಟವರ ಗುರುತು ಅದು. ಹಾಗೆ ಬಿಡೋದನ್ನ ನಿಷೇಧಿಸಿ 1982ರಲ್ಲೇ ಕಾನೂನು ಬಂತು, ಆದರೆ ಅದಕ್ಕೂ ಮುಂಚೆ ಮುತ್ತು ಕಟ್ಟಿಸಿಕೊಂಡವರ ಇಡೀ ಬದುಕನ್ನ ಒಂದು ಸರ ನಿಶ್ಚಯ ಮಾಡಿಬಿಟ್ಟಿತ್ತು. ಈ ಗುಡ್ಡದ ಸುತ್ತಲ ಹೆಂಗಸರಿಗೆ, ಮೈಮೇಲಿನ ಗುರುತು ಏನು ಮಾಡಬಹುದು ಅಂತ ನಾನು ಹೇಳಿಕೊಡಬೇಕಾ? ಅವ್ವನ ಹೆದರಿಕೆ ಮೂಢತನ ಅಲ್ಲ. ಆಕೆ ಕಂಡಿದ್ದಾಳೆ. ನಾನು ಕೋಲು ಮಡಚಿ ಒಳಗಿಟ್ಟೆ.

ಆ ಕೋಲು ಮತ್ತೆ ಹೊರಗೆ ಬಂದಿದ್ದು ಅಕ್ಟೋಬರಿನಲ್ಲಿ, ಕಿತ್ತೂರು ಉತ್ಸವದಲ್ಲಿ. 1824ರ ಅಕ್ಟೋಬರ್ 23ರಂದು ಚೆನ್ನಮ್ಮನ ಪಡೆ ಥ್ಯಾಕರೆಯನ್ನ ಸೋಲಿಸಿ 200 ವರ್ಷ, ಹಾಗಾಗಿ 2024ರ ಉತ್ಸವಕ್ಕೆ ಜನ ಅಂದ್ರೆ ಜನ. ತಂಗಿ, ನಾನು ಹೋಗಿದ್ವಿ. ಕತ್ತಲಾದ ಮೇಲೆ ನನಗೆ ವೇದಿಕೆಯ ದೀಪ ಬಿಟ್ಟು ಬೇರೇನೂ ಕಾಣ್ತಿರಲಿಲ್ಲ. ಒಂದು ಮಗುವಿನ ಕಾಲು ತುಳಿದುಬಿಟ್ಟೆ. ಅದು ಚೀರಿತು. ಅದರ ಅಪ್ಪ ನನ್ನ ಕಾಲರ್ ಹಿಡಿದ. "ಕಣ್ಣ ಕಾಣಂಗಿಲ್ಲೇನಲೇ?"

ತಂಗಿ ಏನೂ ಮಾತಾಡಲಿಲ್ಲ. ನನ್ನ ಬ್ಯಾಗಿನ ಜಿಪ್ ಎಳೆದು ಕೋಲು ತೆಗೆದು ಝಾಡಿಸಿದಳು. ಟಕ್ ಟಕ್ ಟಕ್ ಅಂತ ನಾಲ್ಕೂ ತುಂಡು ಕೂಡಿಕೊಂಡವು. ನನ್ನ ಕೈಗೆ ಕೊಟ್ಟಳು. ಕಾಲರ್ ಬಿಟ್ಟ ಆ ಮನುಷ್ಯ, "ತಪ್ಪ ತಿಳೀಬ್ಯಾಡ್ರಿ, ಗೊತ್ತಾಗಲಿಲ್ರಿ" ಅಂದ. 'ಲೇ' ಹೋಗಿ 'ರಿ' ಬಂತು, ಒಂದು ಕೋಲಿಗೆ.

ಆಮೇಲೆ ಎಲ್ಲ ಚೆಂದ ಆಯ್ತು ಅಂತ ಬರೆದರೆ ಸುಳ್ಳಾಗತ್ತೆ. ಜನ ದಾರಿ ಬಿಟ್ಟರು, ಅದು ನಿಜ. ಒಬ್ಬ ಮುದುಕ ಕೈಯೊಳಗೆ ಹತ್ತು ರೂಪಾಯಿ ತುರುಕಿ ಹೋದ. ತಿಂಗಳಿಗೆ ಸಂಬಳ ತಗೊಳ್ಳೋ ಕೈಗೆ ಆ ಹತ್ತು ರೂಪಾಯಿ ಎಷ್ಟು ಸುಟ್ಟಿತು ಅಂತ ಹೇಗೆ ಹೇಳಲಿ. ಚಾ ಅಂಗಡಿ ಹತ್ತಿರ ಮೊಬೈಲ್ ತೆಗೆದು ಮೆಸೇಜ್ ಓದಿದೆ, ಹಿಂದಿನಿಂದ ಕೇಳಿತು, "ಮೊಬೈಲ್ ನೋಡಾಕತ್ತಾನ, ಕೋಲ ಹಿಡದಾನ. ಏನ ನಾಟಕಲೇ ಇದು."

ವಾಪಸ್ ಬರುವಾಗ ತಂಗಿಗೆ ಕೇಳಿದೆ. "ನಿನ್ನ ಮದುವಿ ಗತಿ ಏನ?"

ಆಕೆ ಅಂದಿದ್ದು ಇಷ್ಟು. "ಅಣ್ಣಾ, ಈಗ ನಿನ್ನ ಕೋಲ ಮುಚ್ಚಿಟ್ಟ ಮದುವಿ ಆದ್ರ, ನಾಳೆ ನನ್ನ ಕೂಸಿಗೆ ಹಿಂಗಾದ್ರ ಅದಕ್ಕ ಏನ ಮುಚ್ಚಿಡ್ಲಿ?"

ಮನೆಗೆ ಬಂದು ಆಕೆಯೇ ಅವ್ವನಿಗೆ ಹೇಳಿದಳು, ರಾಮದುರ್ಗದ ಸಂಬಂಧ ಬೇಡ ಅಂತ. ಮೂರು ದಿನ ಮನೆಯಲ್ಲಿ ಮಾತಿಲ್ಲ ಕಥೆಯಿಲ್ಲ. ಆ ಮೂರು ದಿನದ ಬಗ್ಗೆ ಬರೆಯಲ್ಲ.

ಕೋಲು ಕಣ್ಣು ಕಾಣಲ್ಲ ಅಂತ ಹೇಳತ್ತೆ, ಅರ್ಧ ಕಾಣತ್ತೆ ಅಂತ ಹೇಳಲ್ಲ. ಅದಕ್ಕೆ ಒಂದು ಬ್ಯಾಡ್ಜ್ ಮಾಡಿಸೋಣ ಅಂದ್ಕೊಂಡೆ. ಹಳದಿ ಬಟ್ಟೆ, ಕಪ್ಪು ಅಕ್ಷರ. ಚುಕ್ಕಿ, ಹೂವು ಬೇಡ, ಕನ್ನಡದಲ್ಲೇ ಬರೆಯೋದು. ಆದರೆ ಏನಂತ ಬರೆಯೋದು? ಸರ್ಕಾರದ ಮಾತು 'ಅಲ್ಪದೃಷ್ಟಿ'. ಕಂಪ್ಯೂಟರಿನಲ್ಲಿ 'ದೃಷ್ಟಿದೋಷ ಉಳ್ಳವರು' ಅಂತ ದೊಡ್ಡದಾಗಿ ಟೈಪ್ ಮಾಡಿ ತಂಗಿಗೆ ತೋರಿಸ್ತಿದ್ದೆ. ಅಲ್ಲಿತನಕ ಮುಖ ತಿರುಗಿಸಿಕೊಂಡು ರೊಟ್ಟಿ ಬಡೀತಿದ್ದ ಅವ್ವ ತಂಗಿ ಓದಿದ್ದು ಕೇಳಿ ನಕ್ಕುಬಿಟ್ಟಳು.

"ದೃಷ್ಟಿದೋಷ ಅಂತ ಬರಕೊಂಡ ಅಡ್ಡ್ಯಾಡಿದ್ರ, ಯಾರದೋ ಕೆಟ್ಟ ಕಣ್ಣ ಬಿದ್ದೈತಿ ಅಂತ ತಿಳೀತಾರ. ನಿಂಬಿಹಣ್ಣ ಇಳಸಾಕ ಬರ್ತಾರ ನೋಡ."

ಹೌದಲ್ಲ! ಇಂಜಿನಿಯರಿಂಗ್ ಓದಿದ ನನಗೆ ಹೊಳೆದಿರಲಿಲ್ಲ. "ಹಂಗಾರ ಏನಂತ ಬರೀಲಿ?" ಅಂದೆ.

ಅವ್ವ ಹಿಟ್ಟಿನ ಕೈ ಹಾಗೇ ಇಟ್ಕೊಂಡು ಯೋಚಿಸಿದಳು. "ನನಗ ಅರ್ಧಾ ಕಾಣತೈತ್ರಿ, ಅಂತ ಬರಿ. ಎಲ್ಲಾರಿಗೂ ತಿಳೀತೈತಿ."

ಬೈಲಹೊಂಗಲದ ಒಂದು ಟೇಲರ್ ಅಂಗಡಿಯಲ್ಲಿ ಹೊಲಿಸಿದೆ. ಬ್ಯಾಗಿನ ಎದೆಪಟ್ಟಿಗೆ ಪಿನ್ ಹಾಕಿ ಸಿಗಿಸ್ತೀನಿ. ಬೆಂಗಳೂರಿಗೆ ಇಂಗ್ಲಿಷಿನದೊಂದು, ಊರಿಗೆ ಇದು. ಕತ್ತಲಾದರೆ, ಜನ ಜಾಸ್ತಿ ಇದ್ದರೆ ಕೋಲು. ಹಗಲಲ್ಲಿ, ಪರಿಚಯದ ದಾರಿಯಲ್ಲಿ ಬ್ಯಾಡ್ಜ್ ಸಾಕು. ಬೇಡ ಅನ್ನಿಸಿದ ದಿನ ಎರಡನ್ನೂ ಬ್ಯಾಗಿಗೆ ಹಾಕ್ತೀನಿ. ಗುಡ್ಡದ ಮೇಲೆ ಕಂಡ ಮುತ್ತಿಗೂ ಇದಕ್ಕೂ ಇರೋ ವ್ಯತ್ಯಾಸ ಇದೊಂದೇ ಅನ್ನಿಸತ್ತೆ. ಅದನ್ನ ಕಟ್ಟಿದವರು ಬೇರೆಯವರು, ಇದನ್ನ ಹಾಕೋದೂ ನಾನೇ, ತೆಗೆಯೋದೂ ನಾನೇ.

ಹತ್ತು ರೂಪಾಯಿ ಕೊಡುವವರು ಈಗಲೂ ಸಿಗ್ತಾರೆ. "ಬ್ಯಾಡ್ರಿ, ನಾ ನೌಕರಿ ಮಾಡ್ತೇನಿ" ಅಂತೀನಿ. ನಾಟಕ ಅನ್ನುವವರಿಗೆ ಹಾಳೆ ಸುರುಳಿ ಸುತ್ತಿ ಕಣ್ಣಿಗೆ ಹಿಡಿಸ್ತೀನಿ. ಒಬ್ಬಿಬ್ಬರು ಹಿಡಿದೂ ನೋಡಿದ್ದಾರೆ.

ಕಳೆದ ತಿಂಗಳು ತಂಗಿಯನ್ನ ನೋಡೋಕೆ ಕಿತ್ತೂರ ಕಡೆಯವರು ಬಂದಿದ್ದರು. ಹೊರಗಿನ ಸಂಬಂಧ. ನಾನು ಕೋಲು ಹಿಡಿದೇ ಬಾಗಿಲಿಗೆ ಬಂದೆ, ಅವ್ವ ಬೇಡ ಅನ್ನಲಿಲ್ಲ. ಹುಡುಗನ ಅಪ್ಪ ನೇರವಾಗಿ ಕೇಳಿದರು, ನಾನು ನೇರವಾಗಿ ಹೇಳಿದೆ. ಜೀನು, ಪ್ರತಿ, ನಾಲ್ಕರಲ್ಲಿ ಒಂದು, ಹೊರಗಿನ ಸಂಬಂಧದಲ್ಲಿ ಆ ಸಂಭವ ಬಹಳ ಕಡಿಮೆ, ಬೇಕಾದರೆ ಪರೀಕ್ಷೆ ಮಾಡಿಸಬಹುದು... ಎಲ್ಲ. ಚಾ ಕುಡಿದು "ಹೇಳಿ ಕಳಸ್ತೇವ್ರಿ" ಅಂದು ಹೋದರು. ಇನ್ನೂ ಫೋನ್ ಬಂದಿಲ್ಲ. ತಂಗಿ ಆರಾಮಾಗಿದ್ದಾಳೆ. ಅವ್ವನಿಗೆ ಪ್ರತಿ ಸಲ ಫೋನ್ ರಿಂಗ್ ಆದಾಗ ಎದೆ ಢವ ಅನ್ನತ್ತೆ. ನನಗೂ.

ಕಳೆದ ವಾರ ಹೋದಾಗ ಬೈಲಹೊಂಗಲದಲ್ಲಿ ಇಳಿದಿದ್ದು ಸಂಜೆಯೇ. ಕೋಲು ತೆಗೆದು ಝಾಡಿಸಿ ಹೊರಟೆ. ಕೋಲಿನ ತುದಿ ಬುಟ್ಟಿಗೆ ತಾಗಿತು, ಕಾಲು ತಾಗೋಕೆ ಮುಂಚೆ. ನಿಂತೆ. ಪ್ಯಾರಲ ವಾಸನೆ. ಅದೇ ಅಜ್ಜಿ ಇರಬೇಕು, ದನಿ ಅದೇ ಅನ್ನಿಸಿತು.

"ಕಣ್ಣ ಕಾಣಂಗಿಲ್ಲೇನಪಾ?"

ಅದೇ ಮಾತು. ಆದರೆ ಈ ಸಲ ಅದು ಪ್ರಶ್ನೆ ಆಗಿತ್ತು. ಉತ್ತರಕ್ಕೆ ಕಾಯ್ತಿದ್ದಳು.

"ಅರ್ಧಾ ಕಾಣತಾವಬೇ" ಅಂದೆ.

"ಹಂಗಾರ ಈ ಕಡೆ ಹಾದ ಹೋಗು, ಆ ಕಡೆ ಗಟಾರ ಐತಿ" ಅಂದಳು. ಎರಡು ಕಿಲೋ ಪ್ಯಾರಲ ತಗೊಂಡೆ. ರೊಕ್ಕ ಚೌಕಾಶಿ ಇಲ್ಲದೆ ಪೂರ್ತಿ ಎಣಿಸಿಕೊಂಡಳು, ಒಂದು ರೂಪಾಯಿನೂ ಬಿಡಲಿಲ್ಲ. ಅದೂ ಖುಷಿಯಾಯ್ತು :)